ಅರ್ಧ ಟಿಕೆಟ್ಟಿನ ದ್ವೀಪ

ದ್ವೀಪಕ್ಕೆ ಹೋಗಿಬರುವುದು ಆ ಮನೆಯವರಿಗೆ ಹೊಸದೇನಲ್ಲ. ನಲವತ್ತೊಂದು ವರ್ಷದಿಂದ ವಾರಕ್ಕೆ ಎರಡು ಸಲವಾದರೂ ಹೋಗಿಬರುತ್ತಿದ್ದರು. ಹೊರಡುವ ಜಾಗ ಅಡುಗೆಮನೆ. ಟಿಕೆಟ್ಟಿನ ಖರ್ಚಿಲ್ಲ, ಕಾಲು ಒದ್ದೆಯಾಗುವುದಿಲ್ಲ. ಊಟಕ್ಕೆ ಕೂತ ತಾತ ಒಂದು ತುತ್ತು ಬಾಯಿಗಿಟ್ಟು, ಅದನ್ನು ನುಂಗುವ ಮೊದಲೇ, "ನಾನು ದ್ವೀಪದಲ್ಲಿದ್ದಾಗ" ಎಂದು ಶುರು ಮಾಡಿದರೆ ಸಾಕು, ಎಲ್ಲರೂ ಹಡಗು ಹತ್ತಿದ ಹಾಗೆಯೇ.

ಮದುವೆಗೆ ಮುಂಚೆ, ಇಪ್ಪತ್ತೆರಡನೇ ವಯಸ್ಸಿನಲ್ಲಿ, ತಾತ ನಡುಸಮುದ್ರದ ಒಂದು ಪುಟ್ಟ ದ್ವೀಪಕ್ಕೆ ಹೋಗಿ ಅಲ್ಲಿನ ಹವಾಮಾನ ಕಛೇರಿಯಲ್ಲಿ ಎರಡು ವರ್ಷ ಅಡುಗೆ ಮಾಡಿಕೊಂಡಿದ್ದ. ಹಾಗೆಂದು ಮನೆಯವರು ತಿಳಿದಿದ್ದರು, ಬೀದಿಯವರು ತಿಳಿದಿದ್ದರು, ಆಮೇಲೆ ಮೂವತ್ತಾರು ವರ್ಷ ಅವನು ಅನ್ನ ಬೇಯಿಸಿದ ಬಟ್ಟೆ ಗಿರಣಿಯ ಕ್ಯಾಂಟೀನಿನವರೂ ತಿಳಿದಿದ್ದರು. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ 'ದ್ವೀಪದೋನು' ಎಂದು. ಅಜ್ಜಿಯ ಅಪ್ಪ ಹೆಣ್ಣು ಕೊಟ್ಟದ್ದೂ ಆ ಹೆಸರು ನೋಡಿಯೇ. "ಎರಡು ವರ್ಷ ಸಮುದ್ರದ ಮಧ್ಯೆ ಇದ್ದು ಬಂದ ಗಂಡು, ಸಂಸಾರದಲ್ಲಿ ಮುಳುಗೋದಿಲ್ಲ" ಎಂದಿದ್ದನಂತೆ.

ಮಗ ಚಿಕ್ಕವನಿದ್ದಾಗ ಊಟಕ್ಕೆ ಬಹಳ ಸತಾಯಿಸುತ್ತಿದ್ದ. ಗಿರಣಿಯಿಂದ ಸುಸ್ತಾಗಿ ಬಂದ ತಾತ ಕೈಕಾಲು ತೊಳೆದು, ಅಂಚು ಒಡೆದ ನೀಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ತಟ್ಟೆಯಷ್ಟು ಅಗಲದ ಏಡಿಯೊಂದು ಅಡುಗೆಮನೆಗೆ ನುಗ್ಗಿ ಸೌಟು ಕದ್ದ ಕಥೆ ಹೇಳುತ್ತಿದ್ದ. ಒಂದು ತುತ್ತಿಗೆ ಏಡಿ ಹೊಸ್ತಿಲು ದಾಟುತ್ತಿತ್ತು, ಇನ್ನೊಂದು ತುತ್ತಿಗೆ ಮರಳಿಗೆ ಇಳಿಯುತ್ತಿತ್ತು, ತಟ್ಟೆ ಖಾಲಿಯಾಗುವ ಹೊತ್ತಿಗೆ ಸೌಟು ವಾಪಸು ಸಿಗುತ್ತಿತ್ತು. ಮನೆಯಲ್ಲಿ ಆಗ ಒಂದೇ ದೀಪ. ಕರೆಂಟು ಹೋದರೆ ತಾತನಿಗೆ ಇನ್ನೂ ಹುರುಪು: ಕತ್ತಲಲ್ಲಿ ಮಿನುಗುವ ಅಲೆಗಳ ಕಥೆ ಹೇಳಲು ಅದೇ ಹೊತ್ತು. ಎಷ್ಟು ಕಮ್ಮಿ ಇತ್ತು ಆಗ, ಎಷ್ಟು ಚೆನ್ನಾಗಿತ್ತು ಎಂದು ತಾತ ಈಗಲೂ ಅಂದುಕೊಳ್ಳುತ್ತಾನೆ. ಅವನಿಗೆ ನಿಜವಾಗಿ ಬೇಕೆನ್ನಿಸುವುದು ದ್ವೀಪವಲ್ಲ, ಆ ಅಡುಗೆಮನೆಯ ನೆಲ.

ಹೀಗಿರುವಾಗ ಅಜ್ಜಿಗೆ ಶಾಲೆಯ ಕೆಲಸದಿಂದ ನಿವೃತ್ತಿಯಾಯಿತು. ಇಪ್ಪತ್ತೇಳು ವರ್ಷ ಆ ಶಾಲೆಯ ಕೋಣೆಗಳನ್ನು ಗುಡಿಸಿ, ಗಂಟೆ ಹೊಡೆದವಳು. ಕೈಗೆ ಒಂದಿಷ್ಟು ಇಡಿಗಂಟು ಬಂತು. ಹಣ ಬಂದ ಮನೆಯಲ್ಲಿ ಸಲಹೆಗೆ ಬರವೇ? ಮಗ, ಟೈರಿಗೆ ಪಂಕ್ಚರ್ ಹಾಕುವ ಅಂಗಡಿ ಇಟ್ಟವನು, ಗಾಳಿ ತುಂಬುವ ಹೊಸ ಯಂತ್ರ ಬೇಕೆಂದ. ಸೊಸೆ, ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು, ಹಿಂದಿನ ಕೋಣೆಯ ಸೂರು ಸೋರುವುದನ್ನು ತೋರಿಸಿದಳು. ಅಜ್ಜಿ ಎಲ್ಲರಿಗೂ ಬಡಿಸಿ, ತಾನೂ ಬಡಿಸಿಕೊಂಡು ಕೂತಳು.

"ಸೂರು ಸೋರಿದ್ರೆ ಬಕೆಟ್ ಇಡೋಣ," ಎಂದಳು. "ನಂಗೆ ಅರವತ್ತಾಯ್ತು. ನಾನು ದ್ವೀಪ ನೋಡ್ಬೇಕು."

ತಾತ ಎತ್ತಿದ ತುತ್ತನ್ನು ಮತ್ತೆ ತಟ್ಟೆಗಿಟ್ಟ.

"ನಲವತ್ತೊಂದು ವರ್ಷ ಬಾಯಲ್ಲೇ ಕರ್ಕೊಂಡು ಹೋದ್ರಿ," ಎಂದು ಅಜ್ಜಿ ಅವನ ಕಡೆ ತಿರುಗಿದಳು. "ಈಗ ಕಾಲಲ್ಲಿ ಕರ್ಕೊಂಡು ಹೋಗಿ."

"ಅಲ್ಲಿ ಈಗ ಏನಿದೆ ಅಂತ? ಬಿಸಿಲು, ಉಪ್ಪು, ನೊಣ," ಎಂದ ತಾತ.

"ಹೋದ ವಾರ ಸ್ವರ್ಗ ಅಂದಿದ್ದೆ, ತಾತ," ಎಂದಳು ಮೊಮ್ಮಗಳು.

ಮೊಮ್ಮಗಳು ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ಅವಳನ್ನು ಮನೆಯಲ್ಲಿ ಕರೆಯುವುದು 'ಚೂಟಿ' ಎಂದು, ಹೆಸರಿಗೆ ತಕ್ಕ ಹುಡುಗಿ. ಮೂರೇ ದಿನದಲ್ಲಿ ಫೋನು ಉಜ್ಜಿ ಉಜ್ಜಿ ಇಡೀ ಪ್ರಯಾಣದ ನಕ್ಷೆ ತಯಾರಿಸಿದಳು. ಹಡಗು ಹೊರಡುವುದು ಹದಿನೈದು ದಿನಕ್ಕೊಮ್ಮೆ. ಹೋದವರು ಮುಂದಿನ ಹಡಗು ಬರುವ ತನಕ ಅಲ್ಲೇ ಇರಬೇಕು. ಮಳೆಗಾಲದ ಅಂಚಿನಲ್ಲಿ ಹೋದರೆ ಅಗ್ಗ, ಯಾಕೆಂದರೆ ಆಗ ಹಡಗು ತೊಟ್ಟಿಲಾಗುತ್ತದೆ, ಯಾರೂ ಹೋಗುವುದಿಲ್ಲ. ಹೋಟೆಲ್ಲಿಲ್ಲ, ದ್ವೀಪದವರ ಮನೆಯಲ್ಲೇ ಒಂದು ಕೋಣೆ ಬಾಡಿಗೆಗೆ ಸಿಗುತ್ತದೆ. ಅಕ್ಕಿ ಬೇಳೆ ಇಲ್ಲಿಂದಲೇ ಒಯ್ದರೆ ಇನ್ನೂ ಅಗ್ಗ. ತಲೆಗೆ ಇಪ್ಪತ್ತು ಕಿಲೋ ಸಾಮಾನು ಬಿಡುತ್ತಾರೆ.

"ಇಷ್ಟೆಲ್ಲ ಮಾಡಿದ್ರೂ ಟಿಕೆಟ್ಟೇ ಜಾಸ್ತಿ ಆಗುತ್ತೆ," ಎಂದು ಚೂಟಿ ಊಟದ ನಡುವೆ ವರದಿ ಒಪ್ಪಿಸಿದಳು. "ಆದ್ರೆ ಒಂದು ನಿಯಮ ಇದೆ. ದ್ವೀಪದ ಕಛೇರೀಲಿ ಒಂದು ವರ್ಷಕ್ಕೆ ಮೇಲೆ ಕೆಲಸ ಮಾಡಿದವರಿಗೆ ಟಿಕೆಟ್ ಅರ್ಧ. ಅವರ ಮನೆಯವರಿಗೂ ಅರ್ಧ. ತಾತ ಎರಡು ವರ್ಷ ಇದ್ದನಲ್ಲ? ಐದೂ ಜನ ಹೋಗ್ಬಹುದು."

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಎಂದಳು ಸೊಸೆ, ನಗುತ್ತ. "ಮಾವನ ಪುಣ್ಯದಿಂದ ಹಾಸಿಗೇನೇ ಉದ್ದ ಆಯ್ತು."

"ಕೆಲಸದ ಸರ್ಟಿಫಿಕೇಟ್ ಇದೆಯಲ್ಲಪ್ಪ?" ಎಂದು ಮಗ ಕೇಳಿದ.

"ಇರ್ಬೇಕು, ಟ್ರಂಕಲ್ಲಿ," ಎಂದ ತಾತ. ಹೇಳಿದ ಮೇಲೆ ತಟ್ಟೆಯಲ್ಲಿ ಉಳಿದ ಅನ್ನವನ್ನು ನೋಡುತ್ತ ಕೂತ.

ಇದ್ದ ವಿಷಯ ಇಷ್ಟೇ. ತಾತ ದ್ವೀಪಕ್ಕೆ ಹೋಗಿದ್ದು ನಿಜ. ಹವಾಮಾನ ಕಛೇರಿಯ ಅಡುಗೆಮನೆಗೆ ಸೇರಿದ್ದೂ ನಿಜ. ಆದರೆ ಅವನು ಅಲ್ಲಿದ್ದದ್ದು ಎರಡು ವರ್ಷವಲ್ಲ, ಹನ್ನೊಂದು ದಿನ. ಮೊದಲ ದಿನವೇ ಅವನಿಗೆ ಮನೆ ನೆನಪಾಗಿ ಅಳು ಬಂತು, ಮತ್ತೆ ನಿಲ್ಲಲಿಲ್ಲ. ಅಕ್ಕಿ ತೊಳೆಯುವಾಗ ಅಳು, ಪಾತ್ರೆ ಉಜ್ಜುವಾಗ ಅಳು. ಹನ್ನೊಂದನೇ ದಿನ, ಕೆಟ್ಟ ಜನರೇಟರಿಗೆ ಬಿಡಿಭಾಗ ಹೊತ್ತ ಒಂದು ದೋಣಿ ಅಕಸ್ಮಾತ್ತಾಗಿ ಬಂತು. ಹಿರಿಯ ಅಡುಗೆಯವ ಕನಿಕರಪಟ್ಟು, "ಹೋಗಪ್ಪ, ನಿನ್ನ ಕಣ್ಣೀರಿಗೆ ನಮ್ಮ ಅಡುಗೆಗೆ ಉಪ್ಪು ಜಾಸ್ತಿಯಾಗ್ತಿದೆ" ಎಂದು ಅದರಲ್ಲೇ ಹತ್ತಿಸಿ ಕಳಿಸಿದ.

ದಡಕ್ಕೇನೋ ಬಂದ, ಮನೆಗೆ ಹೇಗೆ ಹೋಗುವುದು? ಎರಡು ವರ್ಷದ ಕೆಲಸವೆಂದು ಬೀದಿಯೆಲ್ಲ ಬೀಳ್ಕೊಟ್ಟಿತ್ತು. ನಾಚಿಕೆಗೆ ಹೆದರಿ ಬಂದರಿನ ಕ್ಯಾಂಟೀನಿನಲ್ಲಿ ಬಡಿಸುವ ಕೆಲಸಕ್ಕೆ ಸೇರಿ ಎರಡು ವರ್ಷ ಅಲ್ಲೇ ಕಳೆದ. ದ್ವೀಪದಿಂದ ಬಂದ ಹಡಗಿನವರು ಉಣ್ಣುತ್ತಿದ್ದದ್ದು ಅಲ್ಲೇ. ಅವರು ಹೇಳಿಕೊಂಡದ್ದನ್ನೆಲ್ಲ ಇವನು ಸೌಟು ಹಿಡಿದು ನಿಂತು ಕೇಳಿದ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆ ಸುಳ್ಳಲ್ಲ. ಯಾರೋ ಬೇಯಿಸಿದ ಕಥೆಗಳನ್ನು ತಾತ ನಲವತ್ತೊಂದು ವರ್ಷ ಬಿಸಿ ಆರದ ಹಾಗೆ ಬಡಿಸಿದ. ಮದುವೆಯ ಹೊಸದರಲ್ಲಿ ಹೆಂಡತಿಗೆ ಹೇಳಿಬಿಡಬೇಕೆಂದು ಒಂದೆರಡು ಸಲ ಬಾಯಿ ತೆರೆದಿದ್ದ. ಅವಳು ಅಷ್ಟರಲ್ಲಿ, "ಆಮೇಲೆ ಏಡಿ ಏನು ಮಾಡ್ತು?" ಎಂದು ಕೇಳಿಬಿಟ್ಟಿದ್ದಳು.

ಈಗ ಐದು ಜನರ ಟಿಕೆಟ್ಟು ಆ ಎರಡು ವರ್ಷದ ಮೇಲೆ ನಿಂತಿತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮುಂದಿನ ಮೂರು ವಾರ ಮನೆ ಸಂತೆಯಾಯಿತು. ತೂಕದ ಯಂತ್ರ ಹಜಾರದಲ್ಲೇ ಬೀಡುಬಿಟ್ಟಿತು. ಅಜ್ಜಿ ಅಕ್ಕಿಯನ್ನು ಒಂದು ಚೀಲಕ್ಕೆ ಹಾಕುವುದು, ಸೊಸೆ ಅದನ್ನು ತೂಗಿ ಅರ್ಧ ತೆಗೆಯುವುದು, ಅಜ್ಜಿ ಅವಳು ಆಸ್ಪತ್ರೆಗೆ ಹೋದ ಮೇಲೆ ಮತ್ತೆ ತುಂಬುವುದು.

"ಅತ್ತೆ, ನಾವು ಹದಿನೈದು ದಿನಕ್ಕೆ ಹೋಗ್ತಿರೋದು, ವನವಾಸಕ್ಕಲ್ಲ."

"ನಿಂಗೇನು ಗೊತ್ತು? ಅಲ್ಲಿ ಒಂದು ಸಲ ಹಡಗು ನಲವತ್ತು ದಿನ ಬರಲಿಲ್ಲ. ನಿಮ್ಮ ಮಾವ ಬರೀ ಗೆಣಸು ಬೇಯಿಸಿ ಎಲ್ಲರನ್ನೂ ಸಾಕಿದ್ರು. ಅಲ್ವೇನ್ರೀ?"

"ಹೂಂ," ಎನ್ನುತ್ತಿದ್ದ ತಾತ, ಪತ್ರಿಕೆಯಿಂದ ತಲೆ ಎತ್ತದೆ. ಗೆಣಸು ಬೇಯಿಸಿದ್ದು ಹಿರಿಯ ಅಡುಗೆಯವ. ಆ ನಲವತ್ತು ದಿನ ತಾತ ಬಂದರಿನಲ್ಲಿ ಲೋಟ ತೊಳೆಯುತ್ತಿದ್ದ.

ಮಗನದು ಬೇರೆ ತಕರಾರು. ಹದಿನೈದು ದಿನ ಅಂಗಡಿ ಮುಚ್ಚಿದರೆ ಗಿರಾಕಿಗಳು ಮುಂದಿನ ತಿರುವಿನ ಅಂಗಡಿಗೆ ಹೋಗಿಬಿಡುತ್ತಾರೆ. "ಪಂಕ್ಚರ್ ಆದವನು ನಾನು ದ್ವೀಪದಿಂದ ಬರೋ ತನಕ ಟೈರ್ ಹಿಡ್ಕೊಂಡು ಕೂತಿರ್ತಾನಾ?" ಎಂದು ರೇಗಿದ. ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೇ ದಿನ ತಾನೇ ಒಂದು ಗಾಳ ಕೊಂಡು ತಂದ. "ಅಪ್ಪ, ಬಾಗಿಲಲ್ಲೇ ನಿಂತು ಮೀನು ಹಿಡೀತಿದ್ದೆ ಅಂತಿದ್ಯಲ್ಲ, ಆ ಬಾಗಿಲು ಇನ್ನೂ ಇರುತ್ತಾ?" ಎಂದು ಕೇಳುವಾಗ ನಲವತ್ತು ತುಂಬುತ್ತ ಬಂದ ಆ ಗಂಡಸಿನ ಮುಖದಲ್ಲಿ ನೀಲಿ ತಟ್ಟೆಯ ಹುಡುಗ ಇಣುಕಿದ.

ತಾತ ತನ್ನ ಕೈಲಾದಷ್ಟು ಅಡ್ಡಗಾಲು ಹಾಕಿ ನೋಡಿದ. ಅಜ್ಜಿಯ ಮಂಡಿನೋವು ಎತ್ತಿದ, ಹಡಗಿನಲ್ಲಿ ಆಗುವ ವಾಂತಿಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಟ್ರಂಕನ್ನು ಮೂರು ಸಲ ಬುಡಮೇಲು ಮಾಡಿ ಹುಡುಕಿದರು. ಸಿಕ್ಕಿದ್ದು ಹಳೆಯ ಕರೆಂಟಿನ ಬಿಲ್ಲು, ಮಗನ ಆರನೇ ತರಗತಿಯ ಅಂಕಪಟ್ಟಿ, ಒಂದು ಒಂಟಿ ಕಾಲುಚೀಲ.

"ಎಲ್ಲೋ ಹೋಯ್ತು, ಬಿಡಿ," ಎಂದ ತಾತ, ಸ್ವಲ್ಪ ಬೇಗನೇ.

"ಚಿಂತೆ ಮಾಡ್ಬೇಡ ತಾತ," ಎಂದಳು ಚೂಟಿ. "ಕಛೇರಿಯವರು ಹಳೇ ದಾಖಲೆ ಎಲ್ಲ ಇಟ್ಟಿರ್ತಾರೆ. ನಕಲು ಕಳಿಸಿ ಅಂತ ಅರ್ಜಿ ಬರ್ದಿದೀನಿ. ಇಲ್ಲೊಂದು ಸಹಿ ಹಾಕು."

ಆಗ ಹೇಳಬಹುದಿತ್ತು. ಕೋಣೆಯಲ್ಲಿ ಅವರಿಬ್ಬರೇ ಇದ್ದರು. ಹುಡುಗಿ ಪೆನ್ನಿನ ಮುಚ್ಚಳ ತೆಗೆದು ಹಿಡಿದಿದ್ದಳು. ತಾತ ಸಹಿ ಹಾಕಿದ. ಮನುಷ್ಯ ಕೆಲವು ಸಲ ಹಾಗೆಯೇ, ತನ್ನ ಕುತ್ತಿಗೆಗೆ ಬರುವ ಕಾಗದಕ್ಕೂ ಅಂದವಾಗಿ ಸಹಿ ಹಾಕುತ್ತಾನೆ.

ಅಂದಿನಿಂದ ತಾತನಿಗೆ ಅಂಚೆಯವನನ್ನು ಕಾಯುವುದೇ ಉದ್ಯೋಗವಾಯಿತು. ಬೆಳಗ್ಗೆ ಹತ್ತಕ್ಕೆಲ್ಲ ಗೇಟಿನ ಬಳಿ ಸ್ಟೂಲು ಹಾಕಿ ಕೂರುತ್ತಿದ್ದ. ಅಂಚೆಯವನು, "ಏನು ದ್ವೀಪದ ಯಜಮಾನ್ರೇ, ಯಾರದ್ದಾದ್ರೂ ಪ್ರೇಮಪತ್ರ ಬರೋದಿದೆಯಾ?" ಎಂದು ನಗೆಯಾಡಿದ. ಒಂಬತ್ತನೇ ದಿನ ಪತ್ರ ಬಂತು.

ತಾತ ಗೇಟಿನಲ್ಲೇ ನಿಂತು ಒಡೆದು ಓದಿದ. ಉದ್ಯೋಗ: ಸಹಾಯಕ ಅಡುಗೆಯವ. ಸೇವಾ ಅವಧಿ: ಹನ್ನೊಂದು ದಿನ. ಬಿಟ್ಟುಹೋದ ಕಾರಣ ಎಂಬಲ್ಲಿ, ನಲವತ್ತನಾಲ್ಕು ವರ್ಷದ ಹಿಂದಿನ ಪುಸ್ತಕದಿಂದ ಹಾಗೇ ಎತ್ತಿ ಬರೆದಿದ್ದರು: ಮನೆಯ ನೆನಪು.

ಸುಟ್ಟು ಬೂದಿ ಮಾಡಿದ್ದರೆ ಕೇಳುವವರಿರಲಿಲ್ಲ. ದಾಖಲೆ ಸಿಗಲಿಲ್ಲವೆಂದರೆ ಆಗಿತ್ತು, ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ಹಾಗೇ ಮಾಡುವುದೆಂದು ನಿಶ್ಚಯಿಸಿ, ಬೆಂಕಿಪೊಟ್ಟಣ ತರಲು ಅಡುಗೆಮನೆಗೆ ಹೋದ.

ಅಡುಗೆಮನೆಯಲ್ಲಿ ಅಜ್ಜಿ ಒಬ್ಬಳೇ ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ನಡೆದಾಡುತ್ತಿದ್ದಳು. ಕಾಲಿಗೆ ಹೊಸ ರಬ್ಬರ್ ಶೂ ಹಾಕಿದ್ದಳು. ಒಂದೊಂದು ಹೆಜ್ಜೆಗೂ ಅದು ಕಿರ್ರ್ ಎನ್ನುತ್ತಿತ್ತು.

"ಅಲ್ಲಿ ಹವಳದ ಕಲ್ಲು ಕಾಲು ಕೊಯ್ಯುತ್ತೆ ಅಂದಿದ್ರಲ್ಲ," ಎಂದಳು, ಸಿಕ್ಕಿಬಿದ್ದವಳ ಹಾಗೆ ನಾಚಿ. "ಈ ಮುದುಕಿಗೆ ಶೂ ಹಾಕಿ ಅಭ್ಯಾಸ ಇಲ್ವಲ್ಲ. ಅದಕ್ಕೇ ದಿನಾ ನಿಮಗೆ ಕಾಣದ ಹಾಗೆ ನಡೀತೀನಿ."

ತಾತ ಬೆಂಕಿಪೊಟ್ಟಣ ತೆಗೆಯಲಿಲ್ಲ. ಪತ್ರವನ್ನು ಅವಳ ಕೈಗೆ ಕೊಟ್ಟು ಮಣೆಯ ಮೇಲೆ ಕೂತ.

ಅಜ್ಜಿ ನಿಧಾನವಾಗಿ ಓದುವವಳು. ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದಳು.

"ತಪ್ಪು ಬರ್ದಿದ್ದಾರೆ," ಎಂದಳು.

"ಇಲ್ಲ. ಸರಿಯಾಗೇ ಬರ್ದಿದ್ದಾರೆ."

ಬಂದರು, ಕ್ಯಾಂಟೀನು, ದೋಣಿ, ಎಲ್ಲವನ್ನೂ ಹೇಳಿದ. ಹತ್ತು ನಿಮಿಷ ಸಾಕಾಯಿತು. ಅಜ್ಜಿ ನಿಂತೇ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದ, ಇಲ್ಲವೇ ನಗುತ್ತಾಳೆ ಎಂದುಕೊಂಡಿದ್ದ. ಅವಳು ಎರಡೂ ಮಾಡಲಿಲ್ಲ.

"ಆ ಹನ್ನೊಂದು ದಿನದಲ್ಲಿ ಮೀನು ತಿಂದಿದ್ರಾ?" ಎಂದು ಕೇಳಿದಳು.

"ಇಲ್ಲ. ಬಾಯಿಗೆ ಏನೂ ಸೇರ್ತಿರಲಿಲ್ಲ. ಒಣ ಬ್ರೆಡ್ಡು ತಿಂದ್ಕೊಂಡಿದ್ದೆ."

"ಒಂದು ಸಲಾನೂ?"

"ಇಲ್ಲ ಕಣೇ."

ಅಜ್ಜಿ ಈಗ ಕೂತಳು. "ಮದುವೆಯಾದ ಎಂಟನೇ ದಿನ ನಿಮಗೆ ಮೀನು ಮಾಡಿ ಹಾಕ್ದೆ," ಎಂದಳು. "ಚೆನ್ನಾಗಿದೆ, ಆದ್ರೆ ದ್ವೀಪದ್ದರ ರುಚಿ ಬೇರೆ ಅಂದ್ರಿ. ಅವತ್ತಿಂದ ನಾನು ಏನೆಲ್ಲ ಮಾಡ್ದೆ. ಹುಳಿ ಕಮ್ಮಿ ಮಾಡ್ದೆ, ಜಾಸ್ತಿ ಮಾಡ್ದೆ. ಮಣ್ಣಿನ ಪಾತ್ರೇಲಿ ಮಾಡ್ದೆ. ಶಾಲೇಲಿ ಟೀಚರಮ್ಮನೋರನ್ನೆಲ್ಲ ಕೇಳ್ಕೊಂಡು ಬಂದು ಮಾಡ್ದೆ. ಪ್ರತಿ ಸಲಾನೂ ನಿಮ್ಮ ಮುಖ ನೋಡ್ತಿದ್ದೆ. ಪ್ರತಿ ಸಲಾನೂ ಅದೇ ಮಾತು. ಹಾಗಾದ್ರೆ ಆ ರುಚಿ ಯಾರ ಬಾಯಿದು?"

"ಹಡಗಿನ ಖಲಾಸಿ ಒಬ್ಬ ಹೇಳ್ತಿದ್ದ," ಎಂದ ತಾತ. ದನಿ ಅವನಿಗೇ ಕೇಳಿಸಲಿಲ್ಲ.

"ಇವರ ಒಳ್ಳೇ ಕಾಲ ಎಲ್ಲ ನಾನು ಬರೋಕೆ ಮುಂಚೆನೇ ಮುಗಿದಿತ್ತು ಅಂದ್ಕೊಂಡಿದ್ದೆ," ಎಂದಳು ಅಜ್ಜಿ. "ನಾನು ಆ ಊರು ನೋಡ್ಬೇಕು ಅಂದಿದ್ದು ಕಡಲು ನೋಡೋಕಲ್ಲ. ನಾನು ಯಾವುದಕ್ಕೆ ಸೋತೆ ಅಂತ ನೋಡೋಕೆ."

ತಾತನಿಗೆ ನಾಚಿಕೆಯಾಯಿತು ಎಂದರೆ ಸಾಲದು. ಬೀದಿಯ ಮುಂದೆ ಮಾನ ಹೋಗುತ್ತದೆಂದು ಅವನು ಇಷ್ಟು ವಾರ ಹೆದರಿದ್ದ. ಕಳೆದದ್ದು ತನ್ನ ಮಾನವಲ್ಲ, ಅವಳ ನಲವತ್ತೊಂದು ವರ್ಷದ ಅಡುಗೆ ಎಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ.

ಆ ದಿನದ ಊಟದ ಹೊತ್ತಿಗೆ ಅವನೇ ಎಲ್ಲರಿಗೂ ಹೇಳಿದ. ಚೂಟಿ ಮೊದಲು ನಕ್ಕಳು, ಅಜ್ಜಿಯ ಮುಖ ನೋಡಿ ನಿಲ್ಲಿಸಿದಳು. ಮಗ ಕೈ ತೊಳೆದುಕೊಂಡು ಬಂದು ಬಾಗಿಲಿಗೆ ಒರಗಿ ನಿಂತ.

"ಶಾಲೇಲಿ ಒಬ್ಬ ನಿಮ್ಮಪ್ಪ ಸುಳ್ಳ ಅಂದ," ಎಂದ. "ನಾನು ಅವನ ಹಲ್ಲು ಮುರಿದೆ. ನನಗೆ ಹದಿನೈದು ದಿನ ಶಾಲೆ ತಪ್ಪಿತು. ನೆನಪಿದೆಯಾ ಅಪ್ಪ?"

"ಇದೆ."

"ನೀನು ಅವತ್ತು ನನ್ನ ಬೆನ್ನು ತಟ್ಟಿದ್ದೆ."

"ಹೂಂ, ತಟ್ಟಿದ್ದೆ," ಎಂದ ತಾತ. ಸುಳ್ಳು ಹೇಳಿ ಸಾಕಾಗಿತ್ತು.

ಸಂಸಾರ ನಡೆಸುವವರು ಯಾರಾದರೂ ಮಾತು ಶುರು ಮಾಡಲೇಬೇಕು, ಸೊಸೆ ಮಾಡಿದಳು. "ಆಗಿದ್ದು ಆಯ್ತು. ಈಗ ಟಿಕೆಟ್ಟಿನ ವಿಷಯ ಏನು?"

ಚೂಟಿ ಬೆರಳು ಮಡಿಸಿದಳು. "ಐದು ಅರ್ಧ ಅಂದ್ರೆ ಎರಡೂವರೆ. ಅರ್ಧ ಮನುಷ್ಯನ್ನ ಹಡಗಿಗೆ ಹತ್ತಿಸಲ್ಲ. ಇಬ್ಬರು ಹೋಗ್ಬಹುದು."

"ಅಮ್ಮ, ಅಪ್ಪ ಹೋಗ್ಲಿ ಬಿಡು," ಎಂದ ಮಗ, ಬೇರೆಲ್ಲೋ ನೋಡುತ್ತ.

"ನಾನು, ಚೂಟಿ," ಎಂದಳು ಅಜ್ಜಿ. "ಅವರು ನೋಡಿ ಆಗಿದೆಯಲ್ಲ."

ಬಂದರಿಗೆ ಹೋಗುವ ಬಸ್ಸು ಹೊರಡುವುದು ಬೆಳಗ್ಗೆ ಎಂಟಕ್ಕೆ. ತಾತ ಎರಡು ಚೀಲ ಹೊತ್ತುಕೊಂಡು ನಿಲ್ದಾಣದವರೆಗೆ ಹೋದ. ಹದಿಮೂರು ದಿನದಿಂದ ಅಜ್ಜಿ ಅವನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು: ಉಪ್ಪು ಇಲ್ಲಿದೆ, ಮಾತ್ರೆ ಅಲ್ಲಿದೆ, ಹಾಲಿನವನಿಗೆ ಭಾನುವಾರ ಬೇಡವೆನ್ನಿ. ಕಿಟಕಿಯ ಪಕ್ಕ ಕೂತ ಮೇಲೂ, "ಹಿಂದಿನ ಕೋಣೇಲಿ ಬಕೆಟ್ ಇಡೋದು ಮರೀಬೇಡಿ" ಎಂದಳಷ್ಟೇ. ಬಸ್ಸು ತಿರುಗಿ ಮರೆಯಾಯಿತು. ಜೀವನದಲ್ಲಿ ಮೊದಲ ಸಲ ಮನೆಯಿಂದ ಅವಳು ಹೋಗಿ, ಅವನು ಉಳಿದಿದ್ದ.

ಒಂದು ಸಂದೇಶ ಬಂತು, "ತಲುಪಿದೆವು" ಎಂದು. ಆಮೇಲೆ ದ್ವೀಪದ ಸಿಗ್ನಲ್ಲು ಹೋಯಿತು.

ತಾತ ಮನೆ ಗುಡಿಸಿದ, ಅಡುಗೆ ಮಾಡಿದ, ಮಳೆ ಬಂದಾಗ ಬಕೆಟ್ ಇಟ್ಟ. ಗಿರಣಿಯಲ್ಲಿ ಮುನ್ನೂರು ಜನಕ್ಕೆ ಬೇಯಿಸಿದವನಿಗೆ ಮೂರು ಜನದ ಅಳತೆ ಸಿಗದೆ ಅನ್ನ ದಿನವೂ ಉಳಿಯುತ್ತಿತ್ತು. ಎಲ್ಲಕ್ಕಿಂತ ಕಷ್ಟವಾದದ್ದು ಊಟದ ಹೊತ್ತಿನ ಮೌನ. ಮಗ ತಲೆ ತಗ್ಗಿಸಿ ಉಂಡು ಏಳುತ್ತಿದ್ದ. ತಾತನ ಬಾಯಿಗೆ "ನಾನು" ಎಂಬ ಮಾತು ಅಭ್ಯಾಸದಿಂದ ಬರುತ್ತಿತ್ತು. ನೀರು ಕುಡಿದು ಅದನ್ನು ಒಳಗೆ ತಳ್ಳುತ್ತಿದ್ದ.

ಒಂಬತ್ತನೇ ದಿನವೋ ಹತ್ತನೆಯದೋ, ಸೊಸೆಗೆ ಆಸ್ಪತ್ರೆಯಲ್ಲಿ ಸಂಜೆಯ ಪಾಳಿ ಇದ್ದಾಗ, ಅಪ್ಪ ಮಗ ಇಬ್ಬರೇ ಉಣ್ಣುತ್ತಿದ್ದರು.

"ಆ ಏಡಿ ಯಾರದ್ದು?" ಎಂದ ಮಗ, ಇದ್ದಕ್ಕಿದ್ದ ಹಾಗೆ.

"ಇಂಜಿನ್ ರೂಮಲ್ಲಿ ಎಣ್ಣೆ ಹಾಕೋನು ಒಬ್ಬ ಇದ್ದ. ಅವನು ಹೇಳಿದ್ದು. ದೊಡ್ಡ ಏಡಿ ನೋಡ್ದೆ ಅಂತ."

"ಸೌಟು ಕದ್ದಿದ್ದು?"

"ಅದು ನಾನು ಸೇರಿಸಿದ್ದು," ಎಂದ ತಾತ. "ನೀನು ಊಟ ಮಾಡ್ತಿರಲಿಲ್ಲ."

ಮಗ ಒಂದಷ್ಟು ಹೊತ್ತು ತಟ್ಟೆಯಲ್ಲಿ ಬೆರಳಾಡಿಸಿದ. ಆಮೇಲೆ ತಟ್ಟೆ ಮುಂದೆ ಚಾಚಿ, "ಇನ್ನೊಂದು ಸೌಟು ಹಾಕಪ್ಪ," ಎಂದ. ತಾತ ಬಡಿಸಿದ. ಕಣ್ಣು ತುಂಬಿದ್ದರಿಂದ ಒಂದಿಷ್ಟು ಅನ್ನ ತಟ್ಟೆಯ ಆಚೆ ಬಿತ್ತು. ಮಗ ಅದನ್ನು ಎತ್ತಿ ತಟ್ಟೆಗೆ ಹಾಕಿಕೊಂಡ.

ಹದಿನೇಳನೇ ದಿನ ಮಧ್ಯಾಹ್ನ ಅವರು ಬಂದರು. ಚೂಟಿ ಸುಟ್ಟ ಬದನೆಕಾಯಿಯ ಹಾಗೆ ಕಪ್ಪಾಗಿದ್ದಳು. ಬಂದವಳೇ ಅಪ್ಪನ ಅಂಗಡಿಗೆ, ಅಮ್ಮನ ಆಸ್ಪತ್ರೆಗೆ, ಗೆಳತಿಯರ ಮನೆಗೆ ಎಂದು ಫೋಟೋ ತೋರಿಸಲು ಓಡಿದಳು. ಅಜ್ಜಿ ಬಚ್ಚಲಿಗೆ ಹೋಗಿ ಬಹಳ ಹೊತ್ತು ನೀರು ಹೊಯ್ದುಕೊಂಡಳು. ತಾತ ಅಡುಗೆಮನೆಯಲ್ಲಿ ತಟ್ಟೆ ಹಾಕಿ ಕಾದ. ಅವಳು ಬಂದು ಕೂತಳು; ಅವನು ಬಡಿಸಿದ. ಅವಳು ಉಣ್ಣುವುದನ್ನು ಸುಮ್ಮನೆ ನೋಡಿದ, ಏನೂ ಕೇಳಲಿಲ್ಲ. ಕೇಳುವ ಹಕ್ಕು ತನಗಿಲ್ಲ ಎನ್ನಿಸಿತ್ತು.

ಅರ್ಧ ಊಟವಾದ ಮೇಲೆ ಅಜ್ಜಿಯೇ ಮಾತೆತ್ತಿದಳು.

"ಕಛೇರಿ ಹಾಗೇ ಇದೆ. ಅಡುಗೆಮನೆ ಈಗ ಗೋದಾಮು ಮಾಡಿದ್ದಾರೆ. ಹಿಂದೆ ಮೂರು ಮೆಟ್ಟಿಲಿದೆ, ಗೊತ್ತಾ ನಿಮಗೆ?"

"ಗೊತ್ತು," ಎಂದ ತಾತ. "ಪಾತ್ರೆ ತೊಳೆಯೋ ಜಾಗ."

"ಎರಡನೇ ದಿನ ಸಂಜೆ ಅಲ್ಲಿ ಹೋಗಿ ಕೂತೆ. ಚೂಟಿ ಈಜೋಕೆ ಹೋಗಿದ್ಲು. ಸುತ್ತ ನೀರು. ಯಾವ ಕಡೆ ತಿರುಗಿದ್ರೂ ನೀರು. ಮನೆ ಯಾವ ದಿಕ್ಕಲ್ಲಿದೆ ಅಂತಾನೂ ಗೊತ್ತಾಗಲಿಲ್ಲ. ಈ ಹೊತ್ತಿಗೆ ಇವರು ಬಕೆಟ್ ಇಟ್ರೋ ಇಲ್ವೋ ಅಂದ್ಕೊಂಡೆ, ಅಷ್ಟೇ, ಅಳು ಬಂದ್ಬಿಡ್ತು. ಅರವತ್ತು ವರ್ಷದ ಹೆಂಗಸು ನಾನು. ಜೊತೆಗೆ ಮೊಮ್ಮಗಳಿದ್ದಾಳೆ. ಹಡಗು ಬರೋ ದಿನ ಗೊತ್ತಿದೆ. ಆದ್ರೂ ಅತ್ತುಬಿಟ್ಟೆ." ಅವಳು ಒಂದು ಗುಟುಕು ನೀರು ಕುಡಿದಳು. "ಇಪ್ಪತ್ತೆರಡು ವರ್ಷದ ಹುಡುಗ, ಒಬ್ಬನೇ, ಹನ್ನೊಂದು ದಿನ ಹೇಗಿದ್ದ ಅನ್ನಿಸ್ತು."

ತಾತ ಸೌಟನ್ನು ಪಾತ್ರೆಗೆ ಬಿಟ್ಟು, ಕೈ ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡ.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ," ಎಂದಳು ಅಜ್ಜಿ. "ಅದು ಹೋಗೋಕೆ ದಿನ ಹಿಡಿಯುತ್ತೆ. ಆದ್ರೆ ಒಂದು ಮಾತು ಕೇಳ್ತೀನಿ. ಏಡಿ ಕಥೆ ನೂರು ಸಲ ಹೇಳಿದ್ರಿ, ಗೆಣಸಿನ ಕಥೆ ಹೇಳಿದ್ರಿ. ಅಲ್ಲಿ ನೀವು ಮನೆ ನೆನೆಸ್ಕೊಂಡು ಅತ್ತಿದ್ದನ್ನ ಯಾಕೆ ಒಂದು ಸಲಾನೂ ಹೇಳ್ಲಿಲ್ಲ?"

"ಅದರಲ್ಲಿ ಹೇಳೋಕೇನಿದೆ?"

"ನಂಗೆ ಗೊತ್ತಿಲ್ಲದೇ ಇರೋದು ಅದೊಂದೇ. ಹೇಳಿ ಈಗ."

"ಏನು?"

"ಆ ಹನ್ನೊಂದು ದಿನ. ಮೊದಲನೇ ದಿನದಿಂದ."

ತಾತ ಗಂಟಲು ಸರಿಮಾಡಿಕೊಂಡ. ಕಥೆ ಹೇಳಿ ಪಳಗಿದ ನಾಲಿಗೆ, ಆದರೂ ಮೊದಲ ಮಾತು ಸಿಗಲು ತಡವಾಯಿತು. "ಹಡಗಿನಿಂದ ಇಳಿದಾಗ ಮಧ್ಯಾಹ್ನ," ಎಂದು ಶುರು ಮಾಡಿದ. "ನನ್ನ ಹತ್ತಿರ ಒಂದು ತಗಡಿನ ಪೆಟ್ಟಿಗೆ ಇತ್ತು. ಹಿರಿಯ ಅಡುಗೆಯವನು ಬಂದು ಅದನ್ನ ಇಸ್ಕೊಂಡ. ಅಡುಗೆಮನೆಗೆ ಕರ್ಕೊಂಡು ಹೋಗಿ, ಒಲೆ ಪಕ್ಕ ನನಗೆ ಮಲಗೋ ಜಾಗ ತೋರಿಸ್ದ. ಅಲ್ಲೊಂದು ಕಿಟಕಿ ಇತ್ತು, ಸಮುದ್ರದ ಕಡೆಗೆ."

"ಸಮುದ್ರದ ಕಡೆಗಲ್ಲ," ಎಂದಳು ಅಜ್ಜಿ. "ಆ ಕಿಟಕಿ ಗುಡ್ಡದ ಕಡೆಗಿದೆ. ನಾನು ನೋಡಿ ಬಂದಿದೀನಿ."

ತಾತ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ.

"ಹೌದು, ಗುಡ್ಡದ ಕಡೆಗೆ," ಎಂದು ತಿದ್ದಿಕೊಂಡ. "ಸಮುದ್ರ ಕಾಣ್ತಿರಲಿಲ್ಲ. ಬರೀ ಸದ್ದು ಕೇಳಿಸ್ತಿತ್ತು."

"ಹೂಂ, ಆಮೇಲೆ?" ಎಂದಳು ಅಜ್ಜಿ.